ಕೂಸಿನ ಕಣ್ಣು ಹೋದದ್ದು ಕರ್ಮದಿಂದಲ್ಲ



ಹುಟ್ಟಿ ಮೂರು ತಿಂಗಳಾದರೂ ಕೂಸು ಅವ್ವನ ಮುಖ ನೋಡೂದಿಲ್ಲ, ಕಣ್ಣುಗುಡ್ಡೆ ಅತ್ತಿತ್ತ ಓಡಾಡ್ತವೆ ಅಂದ್ರೆ ನಮ್ಮ ಕಡೆ ಮೊದಲು ಬರೋ ಮಾತು 'ಹಿಂದಿನ ಜನ್ಮದ ಕರ್ಮ'. ನಾವು ಕೇರಿಯಲ್ಲಿ ಹುಟ್ಟಿದ್ದಕ್ಕೂ ಇದೇ ಕಾರಣ ಹೇಳಿದ್ರು. ಆ ಸುಳ್ಳನ್ನ ಒಪ್ಪದ ನಾವು ಈ ಸುಳ್ಳನ್ನೂ ಒಪ್ಪಬಾರದು.

ಇಂಥ ಕುರುಡುತನಕ್ಕೆ ಒಂದು ಅಪರೂಪದ ಕಾರಣ ಆಸ್ಟಿಯೋಪೆಟ್ರೋಸಿಸ್. ಹಳೆ ಮೂಳೆ ಕರಗಿಸೋ ಜೀವಕೋಶಗಳು ಕೆಲಸ ಮಾಡದೆ ಮೂಳೆ ದಪ್ಪ ಆಗ್ತಾ ಹೋಗ್ತದೆ. ತಲೆಬುರುಡೆಯಲ್ಲಿ ಕಣ್ಣಿನ ನರ ಹಾದುಹೋಗುವ ದಾರಿ ಕಿರಿದಾಗಿ ನರ ಹಿಸುಕಿ ಹೋಗ್ತದೆ. ಮಜ್ಜೆಗೂ ಜಾಗ ಉಳಿಯೂದಿಲ್ಲ. ಅದಕ್ಕೇ ರಕ್ತಹೀನತೆ, ಪದೇ ಪದೇ ಸೋಂಕು. ಎಕ್ಸ್‌ರೇ ತೆಗೆದರೆ ಮೂಳೆ ಸುಣ್ಣ ಬಳಿದಂಗ ಬೆಳ್ಳಗೆ ಕಾಣ್ತದೆ.

ಕೂಸುಗಳಿಗೆ ಬರೋ ತೀವ್ರ ರೂಪದಲ್ಲಿ ಸಾಮಾನ್ಯವಾಗಿ ತಂದೆ, ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಿರ್ತದೆ. ರಕ್ತಸಂಬಂಧದ ಮದುವೆಯಲ್ಲಿ ಸಾಧ್ಯತೆ ಹೆಚ್ಚು. ಇದನ್ನ ಮುಚ್ಚಿಡಬಾರದು. ಆದ್ರೆ ಬರೀ ಸೊಸೆಯ ಮೇಲೆ ತಪ್ಪು ಹೊರಿಸೋರಿಗೆ ಇದು ಉತ್ತರ.

ಹಲವು ಮಕ್ಕಳಿಗೆ ಅಸ್ಥಿಮಜ್ಜೆ ಕಸಿಯಿಂದ ಜೀವ ಉಳೀತದೆ. ಆದ್ರೆ ಹೋದ ನೋಟ ಸಾಮಾನ್ಯವಾಗಿ ವಾಪಸ್ ಬರೂದಿಲ್ಲ. ಅದಕ್ಕೇ ಒಂದೊಂದು ವಾರವೂ ಮುಖ್ಯ.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈ ಕಾಯಿಲೆಯ ಹೆಸರಿದೆ. 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶ ಇದೆ. ಆದ್ರೆ ಅದು ಸಿಗೋದು ಗೊತ್ತುಪಡಿಸಿದ ಕೇಂದ್ರಗಳ ಮೂಲಕ. ನಮ್ಮ ರಾಜ್ಯದಲ್ಲಿ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ತಡಸದಿಂದ 350 ಕಿ.ಮೀ.ಗೂ ದೂರ. ಕೂಲಿ ಬಿಟ್ಟು ಹೋಗೋ ಅವ್ವನಿಗೆ ಬಸ್ ಚಾರ್ಜು, ಅಲ್ಲಿ ಉಳಿಯೋ ಜಾಗ, ಕಳೆದುಹೋದ ದಿನಗೂಲಿ ಯಾರು ಕೊಡ್ತಾರೆ? ಕಾಗದದ ಮೇಲಿನ 50 ಲಕ್ಷಕ್ಕೂ ಕೇರಿಯ ಕೂಸಿಗೂ ನಡುವೆ ನಿಂತಿರೋದು ಈ ಸಣ್ಣ ಸಣ್ಣ ಲೆಕ್ಕಗಳೇ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ವರ್ಷಕ್ಕೆ ಎರಡು ಸಲ ವೈದ್ಯರ ತಂಡ ಅಂಗನವಾಡಿಗೆ ಬರಬೇಕು. ನಿಮ್ಮ ಕೇರಿಯ ಅಂಗನವಾಡಿಗೆ ಕೊನೆಯ ಸಲ ಯಾವಾಗ ಬಂದಿತ್ತು? ಈ ವಾರವೇ ಕೇಳಿ, ಬರೆದು ಕೊಡಿ ಅನ್ನಿ. ಶಿಗ್ಗಾಂವಿ ತಾಲೂಕು ಆರೋಗ್ಯಾಧಿಕಾರಿಗಳೇ, ದೂರದ ದವಾಖಾನೆಗೆ ಚೀಟಿ ಬರೆದು ಕೈತೊಳ್ಕೊಳ್ಳದೆ ಪ್ರಯಾಣದ ಖರ್ಚಿಗೂ ವ್ಯವಸ್ಥೆ ಮಾಡಿ.

ನೋಟ ಹೋದ ಮಕ್ಕಳಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಪ್ರಮಾಣಪತ್ರ, ಪಿಂಚಣಿ, ಶಾಲೆ ಅವರ ಹಕ್ಕು. ಅಯ್ಯೋ ಪಾಪ ಅನ್ನೋರು ನಮಗೆ ಬ್ಯಾಡ. ಅರ್ಜಿ ಹಿಡಿದು ಜೊತೆಗೆ ಬರೋರು ಬೇಕು.

ಜೈ ಭೀಮ್.