ಸಾಲೆಯ ವರ್ಷಾಂತ್ಯವೂ ಮಾಸ್ತರರ ಪಗಾರದ ಲೆಕ್ಕವೂ

ಸಾಲೆಯ ವರ್ಷ ಮುಗಿಯುವ ದಿನ ಒಂದು, ಸರಕಾರದ ಲೆಕ್ಕದ ವರ್ಷ ಮುಗಿಯುವ ದಿನ ಇನ್ನೊಂದು. 2024-25ನೆಯ ಸಾಲಿನಲ್ಲಿ ನಮ್ಮ ರಾಜ್ಯದ ಸಾಲೆಗಳು 2024ನೆಯ ಮೇ 29ರಂದು ತೆರೆದು, 2025ನೆಯ ಏಪ್ರಿಲ್ 10ರಂದು ಮುಚ್ಚಿದವು. ಖಜಾನೆಯ ವಹಿಯಾದರೋ ಮಾರ್ಚ್ 31ಕ್ಕೇ ಮುಚ್ಚುವದು. ನಡುವೆ ಉಳಿಯುವ ಹತ್ತು ದಿನಗಳನ್ನು ದೊಡ್ಡ ಸಂಗತಿಯೆಂದು ಯಾರೂ ಎಣಿಸುವದಿಲ್ಲ. ಆದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಯ ಸಾಲೆಗಳಲ್ಲಿ ಅತಿಥಿ ಶಿಕ್ಷಕರೆನಿಸಿಕೊಂಡು ದುಡಿಯುವವರಿಗೆ ಆ ಹತ್ತು ದಿನಗಳ ಹಣ ಎಂದು ಕೈಸೇರುವದೆಂಬುದು ಸಣ್ಣ ಪ್ರಶ್ನೆಯಲ್ಲ.

ಕಾಯಂ ಮಾಸ್ತರರ ಪಗಾರವು ಗಣಕಯಂತ್ರದ ವೇತನಪಟ್ಟಿಯಿಂದ ತಿಂಗಳು ತಿಂಗಳೂ ಅವರ ಬ್ಯಾಂಕಿನ ಖಾತೆಗೆ ಸಲ್ಲುವದು. ಬೇಸಿಗೆಯ ಸೂಟಿಯಲ್ಲಿಯೂ ಅದು ನಿಲ್ಲದು. ಅತಿಥಿ ಶಿಕ್ಷಕರ ಸ್ಥಿತಿ ಬೇರೆ. ಕಾಯಂ ಶಿಕ್ಷಕರು ಬರುವವರೆಗೆ, ಇಲ್ಲವೆ ಸಾಲೆಯ ವರ್ಷ ಮುಗಿಯುವವರೆಗೆ ಮಾತ್ರ ಅವರ ನೇಮಣೂಕು. 2025ನೆಯ ಮಾರ್ಚ್ ತಿಂಗಳ ಮುಂಗಡಪತ್ರದಲ್ಲಿ ಅವರ ಗೌರವಧನಕ್ಕೆ 2,000 ರೂಪಾಯಿಗಳನ್ನು ಕೂಡಿಸಲಾಯಿತು. ಪ್ರಾಥಮಿಕ ಸಾಲೆಯವರಿಗೆ ತಿಂಗಳಿಗೆ 12,000, ಪ್ರೌಢಶಾಲೆಯವರಿಗೆ 12,500 ಆಯಿತು. ತಿಂಗಳಿಗೆ ಮೂವತ್ತು ದಿನವೆಂದು ಹಿಡಿದರೆ ಪ್ರಾಥಮಿಕ ಸಾಲೆಯಲ್ಲಿ ಒಂದು ದಿನದ ಬೆಲೆ 400 ರೂಪಾಯಿ. ಏಪ್ರಿಲ್ ತಿಂಗಳ ಹತ್ತು ದಿನಗಳಿಗೆ 4,000. ಮುಂದೆ ಮೇ ತಿಂಗಳ ಕೊನೆಯವರೆಗೆ ಗಳಿಕೆಯಿಲ್ಲದೆ ಮನೆ ನಡೆಸಬೇಕಾದವರಿಗೆ ಈ ನಾಲ್ಕು ಸಾವಿರವು ಒಂದು ದೊಡ್ಡ ಆಧಾರವಲ್ಲವೆ?

ಬಿಕ್ಕಟ್ಟು ಎಲ್ಲಿರುವದೆಂಬುದನ್ನು ವಾಚಕರು ವಿಚಾರಿಸಬೇಕು. ಮುಖ್ಯಾಧ್ಯಾಪಕರು ಹಾಜರಿ ಪುಸ್ತಕವನ್ನು ನೋಡಿ ದಿನಗಳನ್ನು ದೃಢೀಕರಿಸಬೇಕು, ತಾಲೂಕಿನ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಬಿಲ್ಲು ಸಿದ್ಧವಾಗಬೇಕು, ಅನುದಾನವು ಬಂದಿರಬೇಕು, ಬಳಿಕ ಖಜಾನೆಯು ಹಣ ಕೊಡಬೇಕು. ಮಾರ್ಚ್ ತಿಂಗಳ ಹಾಜರಿಯು ಪೂರ್ಣವಾಗುವದು 31ಕ್ಕೆ. ಹಳೆಯ ವರ್ಷದ ಅನುದಾನವು ತೀರುವದೂ ಅಂದೇ. ಹೀಗೆ ಮಾರ್ಚ್ ತಿಂಗಳೂ ಏಪ್ರಿಲ್ ತಿಂಗಳ ಹತ್ತು ದಿನಗಳೂ ಹೊಸ ವರ್ಷದ ಅನುದಾನದ ದಾರಿ ಕಾಯುತ್ತ ಕೂಡುವವು. ಅದು ಬರುವಷ್ಟರಲ್ಲಿ ಸಾಲೆಗೆ ಬೀಗ ಬಿದ್ದಿರುವದು. ಮುಖ್ಯಾಧ್ಯಾಪಕರು ಸೂಟಿಯ ಮೇಲಿರುವರು. ಅತಿಥಿ ಶಿಕ್ಷಕರ ಹೆಸರು ಪಟ್ಟಿಯಿಂದಲೇ ಇಳಿದಿರುವದು. ಗೌರವಧನವು ತಡವಾಯಿತೆಂಬ ಕೂಗು ರಾಜ್ಯದಲ್ಲಿ ವರ್ಷವರ್ಷವೂ ಏಳುವದರಲ್ಲಿ ಆಶ್ಚರ್ಯವೇನು?

1936ನೆಯ ವೇತನ ಪಾವತಿಯ ಕಾಯದೆಯು ಸಾವಿರಕ್ಕಿಂತ ಕಡಿಮೆ ಆಳುಗಳಿರುವ ಕಾರಖಾನೆಯಲ್ಲಿ ತಿಂಗಳು ಮುಗಿದ ಏಳು ದಿನಗಳೊಳಗೆ ಕೂಲಿ ಕೊಡಬೇಕೆಂದು ವಿಧಿಸಿತ್ತು. ಧಣಿಯು ಕೆಲಸದಿಂದ ತೆಗೆದ ಆಳಿಗೆ ಎರಡನೆಯ ಕೆಲಸದ ದಿನ ಮುಗಿಯುವದರೊಳಗೆ ಬಾಕಿ ಸಲ್ಲಿಸಬೇಕೆಂದೂ ಅದರಲ್ಲಿತ್ತು. ಆ ಕಾಯದೆಯು ಕಾರಖಾನೆ, ರೇಲ್ವೆಗಳಿಗಾಗಿ ಹುಟ್ಟಿದ್ದು, ಸಾಲೆಗಳಿಗಾಗಿ ಅಲ್ಲ, ನಿಜ. ಆದರೂ ಪರರ ಆಳಿಕೆಯಲ್ಲಿ ಗಿರಣಿಯ ಕೂಲಿಕಾರನಿಗೆ ದೊರೆತ ನ್ಯಾಯವು ನಮ್ಮದೇ ಆಳಿಕೆಯಲ್ಲಿ ನಮ್ಮ ಮಕ್ಕಳಿಗೆ ಅಕ್ಷರ ಕಲಿಸುವವರಿಗೆ ದೊರೆಯಬಾರದೆಂದು ಯಾರು ತಾನೆ ವಾದಿಸಿಯಾರು?

ಬಿಸಿಯೂಟದ ಅಡಿಗೆಯವರ ಅವಸ್ಥೆಯೂ ಇದೇ ಬಗೆಯದು. ಕೇಂದ್ರದ ಯೋಜನೆಯ ಪ್ರಕಾರ ಅವರ ಗೌರವಧನವು ವರ್ಷಕ್ಕೆ ಹತ್ತು ತಿಂಗಳಿಗೆ ಮಾತ್ರ. 2025ನೆಯ ಮುಂಗಡಪತ್ರದಲ್ಲಿ ರಾಜ್ಯವು ಅವರಿಗೆ ತಿಂಗಳಿಗೆ 1,000 ರೂಪಾಯಿಗಳನ್ನು ಹೆಚ್ಚಿಸಿದ್ದು ಮೆಚ್ಚತಕ್ಕ ಮಾತು. ಆದರೆ ಹೆಚ್ಚಿಸಿದ ಹಣವೂ ಹೊತ್ತಿಗೆ ಸರಿಯಾಗಿ ಕೈಗೆ ಬಂದರೇನೆ ಒಲೆ ಹೊತ್ತುವದು.

ಈ ಜನರು ಕರಾರನ್ನು ತಿಳಿದೇ ಕೆಲಸಕ್ಕೆ ಬಂದಿರುವರು, ಈಗ ಗೊಣಗುವದೇಕೆ ಎಂದು ಕೆಲವರು ಕೇಳುವರು. ಅವರು ಒಪ್ಪಿದ್ದು ಕಡಿಮೆ ಹಣಕ್ಕೆ, ತಡವಾದ ಹಣಕ್ಕಲ್ಲ. ಅತಿಥಿಯೆಂದು ಕರೆದು ಉಪವಾಸ ಕಳಿಸುವ ಪದ್ಧತಿಯು ಕನ್ನಡಿಗರದಲ್ಲ.

ಕಚೇರಿಯವರನ್ನಷ್ಟೇ ಆಡಿಕೊಂಡರೆ ಸಾಲದು. ಸಾಲೆಯವರೂ ತಮ್ಮ ಲೆಕ್ಕವನ್ನು ಚೊಕ್ಕಟವಾಗಿಡಬೇಕು. ವಾರಕ್ಕೊಮ್ಮೆ ಕೂಡಿಯೇ ಸಹಿ ಹಾಕುವ ರೂಢಿಯು ಕೆಟ್ಟದು. ಅನುಮಾನ ಹುಟ್ಟಿದ ದಿನ ಅಂಥ ಪುಸ್ತಕವು ಯಾರನ್ನೂ ಕಾಯಲಾರದು. ಸಾಲೆಯ ಹೊರಗಿನ ಕೆಲಸವನ್ನಂತೂ ಆಯಾ ದಿನವೇ ಬರೆದಿಡತಕ್ಕದ್ದು. 2025ನೆಯ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ ಹಾಗೂ ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆ ಮನೆಗೆ ಕಳಿಸಲಾಯಿತು. ಆಗ ದಸರೆಯ ಸೂಟಿಯು ಎಷ್ಟೋ ಜನ ಮಾಸ್ತರರಿಗೆ ಸೂಟಿಯಾಗಿ ಉಳಿಯಲಿಲ್ಲ. ಸೂಟಿಯಲ್ಲಿ ದುಡಿದ ಕಾಯಂ ಶಿಕ್ಷಕರಿಗೆ ಅದರ ಬದಲು ಗಳಿಕೆಯ ರಜೆಯನ್ನು ಜಮಾ ಕೊಡಬಹುದಾದರೂ, ಆಜ್ಞೆಯ ಪ್ರತಿ, ಹಾಜರಿಯ ದೃಢಪತ್ರಗಳಿಲ್ಲದಿದ್ದರೆ ಸೇವಾ ಪುಸ್ತಕದಲ್ಲಿ ಅದು ಏರುವ ಬಗೆ ಹೇಗೆ?

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಮಾರ್ಚ್ ತಿಂಗಳಿಗೂ ಏಪ್ರಿಲ್ ತಿಂಗಳ ಹತ್ತು ದಿನಗಳಿಗೂ ಬೇಕಾಗುವ ಹಣದ ಬೇಡಿಕೆಯನ್ನು ಜನೇವರಿಯಲ್ಲಿಯೇ ತಾಲೂಕಿನ ಕಚೇರಿಗಳು ಹಾವೇರಿಗೆ ಕಳಿಸಬೇಕು. ಹೊಸ ವರ್ಷದ ಅನುದಾನದಲ್ಲಿ ಈ ಬಾಕಿಗೇ ಮೊದಲ ಮನ್ನಣೆ ಸಲ್ಲಬೇಕು. ಎರಡನೆಯದಾಗಿ, ಪ್ರತಿ ತಿಂಗಳ ಹಾಜರಿಯ ಉತಾರೆಯು ಮರುತಿಂಗಳ ಮೂರನೆಯ ದಿನದೊಳಗೆ ಕಚೇರಿ ಸೇರಬೇಕು. ಮೂರನೆಯದಾಗಿ, ಸಾಲೆ ಮುಚ್ಚುವ ದಿನವೇ ಮುಖ್ಯಾಧ್ಯಾಪಕರು ಪ್ರತಿಯೊಬ್ಬ ಅತಿಥಿ ಶಿಕ್ಷಕರಿಗೂ ಅಡಿಗೆಯವರಿಗೂ ದುಡಿದ ದಿನ, ಮುಟ್ಟಿದ ಹಣ, ಬಾಕಿ ಹಣ ಎಂಬ ಮೂರು ಅಂಕಣಗಳ ಚೀಟಿಯನ್ನು ಸಹಿ ಮಾಡಿ ಕೊಡಬೇಕು. ಇದಕ್ಕೆ ಹೊಸ ಕಾಯದೆ ಬೇಕಿಲ್ಲ. ಒಂದು ಹಾಳೆ ಕಾಗದ ಸಾಕು. ನಾಲ್ಕನೆಯದಾಗಿ, ಬಾಕಿಯ ಪಟ್ಟಿಯನ್ನು ತಾಲೂಕಿನ ಕಚೇರಿಯ ಬಾಗಿಲಲ್ಲಿ ಹಚ್ಚಬೇಕು. ಎಲ್ಲರೂ ನೋಡುವಲ್ಲಿರುವ ಬಾಕಿಯು ಬೇಗ ತೀರುವದು.

ಈ ನೆಲದಲ್ಲಿ ಮಾಸ್ತರಿಕೆಗೆ ಹಿರಿಯ ಹೆಸರಿದೆ. ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫ ಸಾಹೇಬರು ಕೆಲಕಾಲ ಸಾಲೆಯ ಮಾಸ್ತರರಾಗಿದ್ದವರು. ಇದೇ ಧಾರವಾಡ ಸೀಮೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲೆಗಳಿಗಾಗಿ ಹೆಣಗಿದರು. 1948ರವರೆಗೆ ಸವಣೂರು ನವಾಬರ ಸಂಸ್ಥಾನವಾಗಿತ್ತು. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರುಗಳು ಮುಂಬಯಿ ಇಲಾಖೆಗೆ ಸೇರಿದ್ದವು. 1956ನೆಯ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ನಾಡು ಒಂದಾದುದರ ಫಲವು ಒಂದೇ ಸಾಲೆಯ ಒಂದೇ ಕೋಣೆಯಲ್ಲಿ ಪಾಠ ಹೇಳುವ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಹೊತ್ತಿಗೆ ಸರಿಯಾಗಿ ದೊರೆತರೆ, ಆ ಏಕೀಕರಣವು ಇನ್ನೂ ಪಗಾರದ ವಹಿಯವರೆಗೆ ಬಂದಿಲ್ಲವೆಂದೇ ಹೇಳಬೇಕು. ನಾಲ್ಕೂ ತಾಲೂಕುಗಳ ಸಾಲೆಯ ಸಮಿತಿಗಳವರೂ ಮುಖ್ಯಾಧ್ಯಾಪಕರೂ ಬರುವ ವರ್ಷಾಂತ್ಯದಲ್ಲಿ ಬೀಗ ಹಾಕುವ ಮೊದಲು ಈ ವಹಿಯನ್ನು ತೆರೆದು ನೋಡಲಿ.