ಯುರೋಪಿಗೆ ಜೋಡುನಳಿಗೆಯೇ ಯಾಕೆ?

ಯುರೋಪಿನಲ್ಲಿ ಬೇಟೆಗೆ, ಆಟಕ್ಕೆ ಅಂತ ಬಂದೂಕು ಮಾಡಿ ಹೆಸರಾದ ಊರುಗಳನ್ನು ನೋಡಿ. ಇಟಲಿಯ ಬ್ರೆಷಿಯಾ ಹತ್ತಿರದ ಗಾರ್ದೋನೆ, ಸ್ಪೇನಿನ ಐಬಾರ್, ಫ್ರಾನ್ಸಿನ ಸೇಂಟ್ ಎತಿಯೆನ್, ಬೆಲ್ಜಿಯಮ್ಮಿನ ಲಿಯೇಜ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್... ಬೇಟೆಗಾರರ ನಡುವೆ ಈ ಊರುಗಳ ಹೆಸರು ಬಂದರೆ ಮೊದಲು ನೆನಪಾಗುವುದು ರೈಫಲ್ ಅಲ್ಲ, ಶಾಟ್‌ಗನ್. ನಮ್ಮ ಮಲೆನಾಡಿನವರ ಬಾಯಲ್ಲಿ ಜೋಡುನಳಿಗೆ ಕೋವಿ. ಒಂದೇ ಗುಂಡಿನ ಬದಲು ನೂರಾರು ಚರೆಗಳನ್ನು ಒಟ್ಟಿಗೆ ಹಾರಿಸುವಂಥದ್ದು.

ಯಾಕೆ ಹೀಗೆ ಅಂದರೆ ಸಿಗುವ ರೆಡಿಮೇಡ್ ಉತ್ತರ ಒಂದಿದೆ: ಕಾನೂನು. ಬ್ರಿಟನ್ನಿನಲ್ಲಿ ರೈಫಲ್ಲು, ಪಿಸ್ತೂಲುಗಳಿಗೆ 1920ರಲ್ಲೇ ಬಿಗಿ ಕಾನೂನು ಬಂತು, ಶಾಟ್‌ಗನ್ನಿಗೆ ಸರ್ಟಿಫಿಕೇಟು ಬೇಕಾದದ್ದು 1968ರಿಂದ. ಸರಿ, ನಿಜವೇ. ಆದರೆ ಲಂಡನ್ನಿನಲ್ಲಿ ಪರ್ಡಿ ಅಂಗಡಿ ಶುರುವಾದದ್ದು 1814ರಲ್ಲಿ ಸ್ವಾಮಿ! ಕಾನೂನು ಬರುವ ಹೊತ್ತಿಗೆ ಶಾಟ್‌ಗನ್ ಗೆದ್ದು ಎಷ್ಟೋ ಕಾಲವಾಗಿತ್ತು. ಅದು ಆಗಲೇ ರೈತನ ಮನೆಯ ಗೋಡೆಯ ಮೇಲಿತ್ತು, ಹಾಗಾಗಿ ಸರ್ಕಾರ ಅದನ್ನು ಮುಟ್ಟಲು ಹಿಂಜರಿಯಿತು ಅಂತ ನನಗನ್ನಿಸುತ್ತೆ.

ನನ್ನ ಪ್ರಕಾರ ಕಾರಣ ನೆಲದಲ್ಲಿದೆ. ಪಶ್ಚಿಮ ಮತ್ತು ದಕ್ಷಿಣ ಯುರೋಪ್ ಅಂದರೆ ಒತ್ತೊತ್ತಾದ ಹಳ್ಳಿಗಳು, ಸಣ್ಣ ಸಣ್ಣ ಹೊಲಗಳು, ನಡುವೆ ಬೇಲಿಸಾಲು. ಅಲ್ಲಿ ಸಾಮಾನ್ಯನಿಗೆ ಸಿಗುವ ಬೇಟೆ ಮೊಲ, ಕವುಜಗ, ಬಾತು. ಹಾರುವ ಹಕ್ಕಿಗೆ ಆಕಾಶದ ಕಡೆ ಹೊಡೆಯಬೇಕು ತಾನೆ? ಚರೆಯಾದರೆ 300 ಮೀಟರ್ ಹೋಗುವಷ್ಟರಲ್ಲಿ ಸುಸ್ತಾಗಿ ಉದುರುತ್ತೆ. ರೈಫಲ್ಲಿನ ಗುಂಡು 3-4 ಕಿಲೋಮೀಟರ್ ಹೋಗಿ ಪಕ್ಕದೂರಿನ ಯಾರದೋ ಅಂಗಳಕ್ಕೆ ಬೀಳಬಹುದು. ಇಷ್ಟೇ ವಿಷಯ.

ಇದರ ಜೊತೆ, ಬೇಟೆಯಾಡುವ ಹಕ್ಕು ಯಾರದು ಅನ್ನುವುದೂ ಇದೆ. ಹಿಂದೆಲ್ಲ ಬೇಟೆ ದೊರೆಗಳ, ಜಮೀನ್ದಾರರ ಸೊತ್ತು. ಫ್ರಾನ್ಸಿನಲ್ಲಿ 1789ರ ಆಗಸ್ಟಿನಲ್ಲಿ ಆ ವಿಶೇಷ ಹಕ್ಕು ರದ್ದಾಯಿತು. ಇಂಗ್ಲೆಂಡಿನಲ್ಲಿ 1831ರಿಂದ ಲೈಸೆನ್ಸು ಕೊಂಡ ಯಾರಾದರೂ, ನೆಲದವನ ಒಪ್ಪಿಗೆಯಿದ್ದರೆ, ಬೇಟೆಯಾಡಬಹುದಾಯಿತು. ಹೀಗೆ ಹೊಸದಾಗಿ ಬಂದ ಸಾವಿರಾರು ಗಿರಾಕಿಗಳಿಗೆ ಬೇಕಾಗಿದ್ದು ಹಕ್ಕಿ ಹೊಡೆಯುವ ಕೋವಿ.

ಈ ವಾದಕ್ಕೆ ಒಳ್ಳೆಯ ಪರೀಕ್ಷೆ ಅಂದರೆ ಉತ್ತರದ ಕಡೆ ಹೋಗುವುದು. ಫಿನ್ಲೆಂಡಿನಲ್ಲಿ ದೊಡ್ಡ ಕಾಡು, ದೊಡ್ಡ ಕಡವೆ ಜಾತಿಯ ಎಲ್ಕ್, ಕಡಿಮೆ ಜನ. ಅಲ್ಲಿನ ಪ್ರಸಿದ್ಧ ಕಂಪನಿ ಸಾಕೋ ಮಾಡುವುದು ರೈಫಲ್! ತಮಾಷೆ ಅಂದರೆ, 1526ರಲ್ಲೇ ವೆನಿಸ್ಸಿನ ಶಸ್ತ್ರಾಗಾರಕ್ಕೆ ನಳಿಗೆ ಮಾರಿದ ದಾಖಲೆ ಇರುವ ಗಾರ್ದೋನೆಯ ಬೆರೆಟ್ಟಾ ಮನೆತನಕ್ಕೆ ರೈಫಲ್ ವ್ಯಾಪಾರ ದೊಡ್ಡದು ಮಾಡಬೇಕು ಅನ್ನಿಸಿದಾಗ, 2000ದಲ್ಲಿ ಈ ಸಾಕೋವನ್ನೇ ಕೊಂಡುಕೊಂಡಿತು.

ಇನ್ನೊಂದು ಮಾತು. ರೈಫಲ್ಲಿನ ಹಿಂದೆ ಸರ್ಕಾರದ ದೊಡ್ಡ ಕಾರ್ಖಾನೆಗಳಿದ್ದವು. ಯುದ್ಧ ಮುಗಿದ ಮೇಲೆ ಮಿಕ್ಕ ಮೌಸರ್‌ಗಳನ್ನೇ ತಿದ್ದಿ ತೀಡಿ ಬೇಟೆಗೆ ಮಾರಿದರು. ಆ ಬೆಲೆಗೆ ಸಣ್ಣ ಕಸುಬುದಾರ ಎಲ್ಲಿ ಪೈಪೋಟಿ ಕೊಟ್ಟಾನು? ಶಾಟ್‌ಗನ್ ಹಾಗಲ್ಲ. ಅದನ್ನು ಗುರಿ ಹಿಡಿದು ಹೊಡೆಯುವುದಲ್ಲ, ಹೆಗಲಿಗೆ ಏರಿಸಿದ ಕೂಡಲೇ ಕಣ್ಣು ನೋಡಿದಲ್ಲಿಗೆ ನಳಿಗೆ ಹೋಗಬೇಕು. ಹಾಗಾಗಿ ದರ್ಜಿ ಅಂಗಿ ಹೊಲಿದಂತೆ ತೋಳಿನ ಉದ್ದ, ಕೆನ್ನೆಯ ಎತ್ತರ ನೋಡಿ ಹಿಡಿಯ ಮರ ಕೆತ್ತುತ್ತಾರೆ. ಎರಡು ನಳಿಗೆಗಳ ಚರೆ ಒಂದೇ ಕಡೆ ಬೀಳುವಂತೆ ಬೆಸೆಯುವುದೂ ಕೈಕೆಲಸವೇ. ಸಣ್ಣ ಕಸುಬುದಾರ ಬದುಕಿದ್ದು ಇದರಿಂದ. ಆಮೇಲೆ ಮಣ್ಣಿನ ಬಿಲ್ಲೆ ಹೊಡೆಯುವ ಆಟ ಅವರನ್ನು ಇನ್ನೂ ಎತ್ತಿ ಹಿಡಿಯಿತು; ಟ್ರ್ಯಾಪ್ 1900ರಲ್ಲಿ, ಸ್ಕೀಟ್ 1968ರಲ್ಲಿ ಒಲಿಂಪಿಕ್ಸಿಗೆ ಬಂದವು.

ಈಗ ತೊಂದರೆ ಬಂದಿರುವುದು ಕೋವಿಗಲ್ಲ, ಚರೆಗೆ. ಸೀಸದ ಚರೆಯನ್ನು ಕಾಳು ಅಂದುಕೊಂಡು ನುಂಗಿ ಬಾತುಗಳು ಸಾಯುತ್ತವೆ. 2023ರ ಫೆಬ್ರವರಿಯಿಂದ ಯುರೋಪಿಯನ್ ಒಕ್ಕೂಟದಲ್ಲಿ ಕೆರೆ-ಜೌಗುಗಳ ಸುತ್ತ 100 ಮೀಟರಿನೊಳಗೆ ಅದನ್ನು ಹಾರಿಸುವಂತಿಲ್ಲ. ಬದಲಿಗೆ ಬಂದ ಉಕ್ಕಿನ ಚರೆ ಗಡುಸು. ಅಜ್ಜನ ಕಾಲದ ತೆಳು ನಳಿಗೆಗೆ ಆಗಿಬರಲ್ಲ. ಕಸುಬೇ ಹಾಳಾಗುತ್ತೆ ಅಂತ ಬೇಟೆಗಾರರ ಗಲಾಟೆ. ನಾನಂತೂ ಬಾತುಗಳ ಪಕ್ಷ. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಯನ್ನು ಪೂರ್ತಿ ನಿಷೇಧಿಸಿತು, ಅಲ್ಲಿ ಇವತ್ತಿಗೂ ಜನ ಬೇಟೆಗೆ ಹೋಗುತ್ತಿದ್ದಾರೆ.