ಇಪ್ಪತ್ತನಾಲ್ಕು ಗಂಟೆ ಎಲ್ಲಿಂದ ಎಣಿಸಬೇಕು?

ರಾತ್ರಿ ಹತ್ತಕ್ಕೆ ಮಫ್ತಿಯಲ್ಲಿ ಬಂದ ಇಬ್ಬರು "ಸಾಹೇಬ್ರು ಕರೀತಿದ್ದಾರೆ, ಬಂದು ಹೋಗಿ" ಅನ್ನುತ್ತಾರೆ. ಬೆಳಗ್ಗೆ ಮನೆಯವರು ಠಾಣೆಗೆ ಓಡಿದರೆ "ಅರೆಸ್ಟ್ ಏನಿಲ್ಲ, ವಿಚಾರಣೆ ಅಷ್ಟೇ" ಎಂಬ ಉತ್ತರ. ಮೂರನೇ ದಿನ ತಯಾರಾಗುವ ಅರೆಸ್ಟ್ ಮೆಮೊದಲ್ಲಿ ಅದೇ ಮನುಷ್ಯನನ್ನು ಅಂದಿನ ಬೆಳಗಿನ ಜಾವ, ಬಸ್ ನಿಲ್ದಾಣದ ಬಳಿ, "ಖಚಿತ ಮಾಹಿತಿ ಮೇರೆಗೆ" ಹಿಡಿದದ್ದಾಗಿ ಬರೆದಿರುತ್ತದೆ. ಕೋರ್ಟ್ ವರಾಂಡದಲ್ಲಿ ಕಾದು ನಿಂತ ಕುಟುಂಬಗಳನ್ನು ಕೇಳಿ ನೋಡಿ, ಈ ಮೂರು ದಿನಗಳ ಲೆಕ್ಕ ಅವರ ಬಾಯಲ್ಲೇ ಇರುತ್ತದೆ.

ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಪೊಲೀಸರಿಗೆ ಬೇಕು. ಇರಿದು ಓಡುತ್ತಿರುವವನನ್ನು ಹಿಡಿಯಲು ಕಾನ್‌ಸ್ಟೆಬಲ್ ಯಾರ ಸಹಿಗೂ ಕಾಯಬೇಕಾಗಿಲ್ಲ. ನನ್ನ ತಕರಾರು ಲೆಕ್ಕಕ್ಕೆ ಸಿಗದ ಆ ಮೂರು ದಿನಗಳ ಬಗ್ಗೆ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಮೆಮೊ ಬರೆದ ಗಳಿಗೆಯಿಂದ ಎಣಿಸಿದರೆ ಆ ವಿಧಿ ಇದ್ದೂ ಇಲ್ಲದಂತೆ. ಎದ್ದು ಹೋಗಲು ಬಿಡದೆ ಕೂರಿಸಿಕೊಂಡ ಕ್ಷಣದಿಂದಲೇ ಬಂಧನ ಶುರು. ಬಾಂಬೆ ಹೈಕೋರ್ಟ್ ಇದನ್ನು ದಶಕಗಳ ಹಿಂದೆಯೇ ಹೇಳಿದೆ.

ನಿಯಮಗಳಿಗೇನೂ ಬರವಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಸುಮ್ಮನೆ ಬಂಧಿಸಕೂಡದು, ಅಗತ್ಯವೇನೆಂದು ಬರೆಯಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ನಿನಲ್ಲೂ ನೋಟಿಸ್ ಕೊಟ್ಟು ಕರೆಸುವ ದಾರಿ ಇದೆ. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ತಡವಾದರೂ ರಿಮ್ಯಾಂಡಿಗೆ ಕನಿಷ್ಠ ಎರಡು ಗಂಟೆ ಮೊದಲು ತಲುಪಿಸಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆದರೆ ಈ ಕಾಗದಗಳೆಲ್ಲ ಹುಟ್ಟುವುದು ಠಾಣೆ "ಬಂಧಿಸಿದ್ದೇವೆ" ಎಂದು ಒಪ್ಪಿಕೊಂಡ ಮೇಲೆ.

"ರಿಕವರಿ ಆಗೋವರೆಗೆ ತೋರಿಸಬಾರದು, ತನಿಖೆ ಕೆಡುತ್ತೆ" ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹದಿನೈದು ದಿನಗಳ ಪೊಲೀಸ್ ಕಸ್ಟಡಿಯನ್ನು, ಪ್ರಕರಣಕ್ಕೆ ತಕ್ಕಂತೆ, ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿ ಕೇಳಲು ಹೊಸ ಕಾನೂನೇ ಅವಕಾಶ ಕೊಟ್ಟಿದೆ. ಅಷ್ಟಿದ್ದೂ ಕದ್ದು ಕೂರಿಸುವುದು ಯಾಕೆ? ಹೊಡೆದ ಗುರುತು ಮಾಸಲಿ ಎಂದೇ?

ಇದನ್ನು ತಡೆಯಬಲ್ಲವರು ಮ್ಯಾಜಿಸ್ಟ್ರೇಟರು. ಕರೆತಂದ ಪೊಲೀಸರನ್ನು ಹೊರಗೆ ಕಳಿಸಿ, "ನಿನ್ನನ್ನು ಯಾವಾಗ, ಎಲ್ಲಿಂದ ಕರೆದುಕೊಂಡು ಬಂದರು?" ಎಂದು ಕೇಳಿ, ಉತ್ತರವನ್ನು ಆದೇಶದಲ್ಲೇ ದಾಖಲಿಸಲಿ. ಮೆಮೊದ ಹೊತ್ತಿಗೂ ಆ ಉತ್ತರಕ್ಕೂ ತಾಳೆಯಾಗದಿದ್ದರೆ ಠಾಣೆಯ ಬಾಗಿಲಿನ ಸಿಸಿಟಿವಿ ದೃಶ್ಯ ತರಿಸಲಿ. ಆ ಕ್ಯಾಮೆರಾ ಹಾಕಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. ಕೆಟ್ಟಿದೆ ಎನ್ನುವ ಇನ್ಸ್‌ಪೆಕ್ಟರ್, ಯಾವತ್ತಿನಿಂದ ಕೆಟ್ಟಿದೆ ಎಂದು ಪ್ರಮಾಣಪತ್ರ ಸಲ್ಲಿಸಲಿ.